ವಾಪಸು ಉಚಿತ

ಕನ್ನಡದಲ್ಲಿ 'ಉಚಿತ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಸಂಸ್ಕೃತದಿಂದ ಬಂದ ಮೂಲ ಅರ್ಥ 'ಯೋಗ್ಯವಾದದ್ದು, ತಕ್ಕದ್ದು' ಎಂದು. ಸಮಯೋಚಿತ, ಅನುಚಿತ, ಔಚಿತ್ಯ ಎನ್ನುವಾಗ ಇರುವುದು ಅದೇ. ಇನ್ನೊಂದು ನಾವು ದಿನಬಳಕೆಯಲ್ಲಿ ರೂಢಿಸಿಕೊಂಡದ್ದು, 'ದುಡ್ಡು ಕೊಡಬೇಕಾಗಿಲ್ಲ' ಎಂದು. ಉಚಿತ ಪಠ್ಯಪುಸ್ತಕ, ಉಚಿತ ಕಣ್ಣಿನ ತಪಾಸಣೆ ಎನ್ನುವಾಗ ಇರುವುದು ಇದು. ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನಾರ್ಥ ಪದಗಳ ಪಾಠ ಮಾಡುವಾಗ ಈ ಶಬ್ದವನ್ನು ನಾನು ತಪ್ಪದೆ ಹೇಳುತ್ತೇನೆ. ಪುಕ್ಕಟೆ ಸಿಕ್ಕಿದ್ದೆಲ್ಲ ಯೋಗ್ಯವಾದದ್ದಲ್ಲ ಎಂಬ ನೀತಿಯನ್ನೂ ಕೊನೆಗೆ ಸೇರಿಸುವುದುಂಟು. "ಹಾಗಾದರೆ ಬಿಸಿಯೂಟ ಟೀಚರ್? ಅದು ಎರಡೂ ಅರ್ಥದಲ್ಲಿ ಉಚಿತ ಅಲ್ಲವಾ?" ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ. ಅವನು ಹೇಳಿದ್ದು ಸರಿ. ಎರಡು ಅರ್ಥಗಳೂ ಕೂಡಿ ಬರುವ ಸಂದರ್ಭಗಳಿವೆ.

ಕೂಡಿ ಬರದ ಸಂದರ್ಭಗಳೂ ಇವೆ. ಅಂಥದೊಂದರ ಬಗ್ಗೆ ಇಲ್ಲಿ ಬರೆಯಬೇಕೆಂದಿದ್ದೇನೆ. ಪರದೇಶಗಳ ಆನ್‌ಲೈನ್ ಅಂಗಡಿಗಳು ತಮ್ಮ ಪುಟದ ನೆತ್ತಿಯ ಮೇಲೆಯೇ 'ಫ್ರೀ ರಿಟರ್ನ್ಸ್' ಎಂದು ಹಾಕಿಕೊಂಡಿರುತ್ತವೆ. ತರಿಸಿಕೊಳ್ಳಿ, ಮನೆಯಲ್ಲಿ ತೊಟ್ಟು ನೋಡಿ, ಬೇಡವೆನಿಸಿದರೆ ಕಳಿಸಿಬಿಡಿ, ಕಾರಣ ಹೇಳಬೇಕಾಗಿಲ್ಲ, ಅಂಚೆಯ ಖರ್ಚೂ ನಮ್ಮದೇ ಎಂದು ಅದರ ಅರ್ಥ. ಕೇಳಲು ಎಷ್ಟು ಹಿತವಾಗಿದೆ! ಗಿರಾಕಿಯೇ ದೇವರು ಎಂಬ ಮಾತು ಕೊನೆಗೂ ನಿಜವಾಯಿತಲ್ಲ ಎನ್ನಿಸುತ್ತದೆ. ಆದರೆ ಈ ಔದಾರ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಿದ ಮೇಲೆ ನನಗೆ ಅನ್ನಿಸಿದ್ದೇ ಬೇರೆ. ಇದು ಪುಕ್ಕಟೆಯೂ ಅಲ್ಲ, ಯೋಗ್ಯವೂ ಅಲ್ಲ. ಇದರ ಖರ್ಚನ್ನು ಯಾರೋ ಕೊಡುತ್ತಿದ್ದಾರೆ, ಮತ್ತು ಹಾಗೆ ಕೊಡುವವರು ಯಾರೆಂದು ಕಾಣದಂತೆ ಏರ್ಪಾಡಾಗಿದೆ.

ಮೊದಲಿಗೆ ಈ ಪದ್ಧತಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಬಿಡುತ್ತೇನೆ. ಅದರ ಮೂಲ ಒಳ್ಳೆಯದೇ. 1872ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಆರನ್ ಮಾಂಟ್ಗೊಮೆರಿ ವಾರ್ಡ್ ಎಂಬ ವ್ಯಾಪಾರಿ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಅಚ್ಚು ಹಾಕಿಸಿ, ದೂರದ ಹಳ್ಳಿಗಳ ರೈತರಿಗೆ ಅಂಚೆಯ ಮೂಲಕ ಸರಕು ಮಾರತೊಡಗಿದ. ಕಣ್ಣಲ್ಲಿ ನೋಡದ, ಕೈಯಲ್ಲಿ ಮುಟ್ಟದ ವಸ್ತುವಿಗೆ ರೈತ ಮೊದಲೇ ಹಣ ಕಳಿಸುವುದೆಂದರೆ ಸಣ್ಣ ಮಾತಲ್ಲ. ಆ ಭಯವನ್ನು ಹೋಗಲಾಡಿಸಲು ವಾರ್ಡ್ 1875ರಲ್ಲಿ ತೃಪ್ತಿಯಾಗದಿದ್ದರೆ ಹಣ ವಾಪಸು ಎಂದು ಮಾತು ಕೊಟ್ಟ. ಊರಿನ ಒಬ್ಬನೇ ಅಂಗಡಿಕಾರ ಹೇಳಿದ ಬೆಲೆಗೆ, ಅವನು ಕೊಟ್ಟ ಸರಕಿಗೆ ತಲೆಯಾಡಿಸಬೇಕಾಗಿದ್ದ ರೈತನಿಗೆ ಅದೊಂದು ಬಿಡುಗಡೆಯೇ ಆಗಿದ್ದೀತು.

ಇನ್ನೊಂದು ಕಥೆ ನನಗೆ ಅದಕ್ಕಿಂತ ಇಷ್ಟವಾದದ್ದು. 1912ರಲ್ಲಿ ಮೇನ್ ರಾಜ್ಯದ ಲಿಯಾನ್ ಲಿಯಾನ್‌ವುಡ್ ಬೀನ್ ಎಂಬಾತ ಕಾಡಿನಲ್ಲಿ ಬೇಟೆಗೆ ಹೋಗುವವರಿಗಾಗಿ ಕೆಳಗೆ ರಬ್ಬರು, ಮೇಲೆ ತೊಗಲು ಇರುವ ಬೂಟನ್ನು ತಯಾರಿಸಿ ಅಂಚೆಯಲ್ಲಿ ಮಾರಿದ. ಮೊದಲು ಮಾರಿದ 100 ಜೊತೆಗಳಲ್ಲಿ 90 ಜೊತೆಗಳು ಹೊಲಿಗೆ ಬಿಟ್ಟು ವಾಪಸು ಬಂದವು. ಬೇರೆಯವನಾಗಿದ್ದರೆ ಅಂಗಡಿ ಮುಚ್ಚಿಕೊಂಡು ಊರು ಬಿಡುತ್ತಿದ್ದ. ಬೀನ್ ಎಲ್ಲರ ಹಣವನ್ನೂ ಹಿಂದಿರುಗಿಸಿದ, ಸಾಲ ಮಾಡಿ ಬೂಟನ್ನು ಸರಿಪಡಿಸಿದ, ಮತ್ತೆ ಮಾರಿದ. ಆ ಕಂಪನಿ ಇಂದಿಗೂ ಇದೆ, ಆ ಬೂಟೂ ಇದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ವಾಪಸು ಬಂದ ಬೂಟನ್ನು ಆತ ಕೈಯಲ್ಲಿ ಹಿಡಿದು ನೋಡಿದ. ಎಲ್ಲಿ ಹೊಲಿಗೆ ಬಿಟ್ಟಿದೆ, ಯಾಕೆ ಬಿಟ್ಟಿದೆ ಎಂದು ನೋಡಿದ. ಮರಳಿ ಬಂದ ಆ 90 ಜೊತೆಗಳು ಕೊಂಡವರು ಮಾಡಿದವನಿಗೆ ಬರೆದ 90 ಕಾಗದಗಳಿದ್ದ ಹಾಗೆ. ಅವನು ಅವನ್ನು ಓದಿದ. ವಾಪಸು ಕೊಡುವುದೆಂದರೆ ಹೀಗೆ ಒಂದು ಮಾತು. ನೀನು ಹೇಳಿದ್ದು ಒಂದು, ಕೊಟ್ಟಿದ್ದು ಒಂದು ಎಂದು ಕೊಂಡವನು ಹೇಳುತ್ತಾನೆ. ಹೌದು, ತಪ್ಪಾಯಿತು ಎಂದು ಮಾರಿದವನು ಒಪ್ಪುತ್ತಾನೆ. ಅಷ್ಟರಮಟ್ಟಿಗೆ ಇಬ್ಬರೂ ದೊಡ್ಡವರಾಗುತ್ತಾರೆ.

ಆನ್‌ಲೈನ್ ವ್ಯಾಪಾರ ಬಂದಾಗ ಈ ಹಳೆಯ ವಾಗ್ದಾನದ ಕೆಲಸವೇ ಬದಲಾಯಿತು. ಅಮೆರಿಕದಲ್ಲಿ 1999ರಲ್ಲಿ ಶುರುವಾದ ಝ್ಯಾಪೋಸ್ ಎಂಬ ಕಂಪನಿ ಪಾದರಕ್ಷೆಗಳನ್ನು ಅಂತರ್ಜಾಲದಲ್ಲಿ ಮಾರತೊಡಗಿತು. ಕಾಲಿಗೆ ಹಾಕಿ ನೋಡದೆ ಯಾರು ಬೂಟು ಕೊಂಡಾರು? ಹೋಗುವ ಖರ್ಚೂ ನಮ್ಮದು, ಬರುವ ಖರ್ಚೂ ನಮ್ಮದು, 365 ದಿನದೊಳಗೆ ಯಾವಾಗ ಬೇಕಾದರೂ ವಾಪಸು ಕಳಿಸಿ ಎಂದಿತು ಕಂಪನಿ. ಜನ ಮುಗಿಬಿದ್ದರು. 2009ರಲ್ಲಿ ಅಮೆಜಾನ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಇತ್ತ ಜರ್ಮನಿಯ ಬರ್ಲಿನ್‌ನಲ್ಲಿ 2008ರಲ್ಲಿ ಹುಟ್ಟಿದ ಝಲ್ಯಾಂಡೊ ಇದೇ ದಾರಿ ಹಿಡಿಯಿತು. ಖುಷಿಯಿಂದ ಕೂಗಿಕೊಳ್ಳಿ, ಇಲ್ಲವಾದರೆ ವಾಪಸು ಕಳಿಸಿ ಎಂಬರ್ಥದ ಅದರ ಜಾಹೀರಾತು ಜರ್ಮನಿಯಲ್ಲಿ ಮನೆಮಾತಾಯಿತು. ತಾನು ಕಳಿಸಿದ ಸರಕಿನಲ್ಲಿ ಸುಮಾರು ಅರ್ಧದಷ್ಟು ವಾಪಸು ಬರುತ್ತದೆಂದು ಆ ಕಂಪನಿಯೇ ಹೇಳಿಕೊಂಡಿದೆ.

ಅರ್ಧದಷ್ಟು! ಬೀನ್‌ನ ಬೂಟುಗಳಂತೆ ಅವೆಲ್ಲ ಹೊಲಿಗೆ ಬಿಟ್ಟವೇ? ಖಂಡಿತ ಅಲ್ಲ. ಬಹುಪಾಲು ಸರಕಿನಲ್ಲಿ ಯಾವ ದೋಷವೂ ಇರುವುದಿಲ್ಲ. ಒಂದೇ ಅಂಗಿಯನ್ನು ಮೂರು ಅಳತೆಗಳಲ್ಲಿ ತರಿಸಿ ಎರಡನ್ನು ಕಳಿಸುವುದು, ಒಂದೇ ಚೂಡಿದಾರವನ್ನು ನಾಲ್ಕು ಬಣ್ಣಗಳಲ್ಲಿ ತರಿಸಿ ಮೂರನ್ನು ಕಳಿಸುವುದು ಅಲ್ಲಿ ಕೊಳ್ಳುವ ಕ್ರಮವೇ ಆಗಿಹೋಗಿದೆ. ವಾಪಸಾತಿ ಮೊದಲು ತಪ್ಪಿಗೆ ಪರಿಹಾರವಾಗಿತ್ತು, ಈಗ ಗಾಳಕ್ಕೆ ಸಿಕ್ಕಿಸಿದ ಎರೆಯಾಗಿದೆ. ಬೇಡವಾದರೆ ಕಳಿಸಬಹುದಲ್ಲ ಎಂಬ ಒಂದು ಯೋಚನೆಯೇ ಬೇಕೋ ಬೇಡವೋ ಎಂಬ ಯೋಚನೆಯನ್ನು ನುಂಗಿಹಾಕುತ್ತದೆ. ಕಳಿಸಬಹುದೆಂದು ತರಿಸಿದ ಎಷ್ಟೋ ವಸ್ತುಗಳು ಕೊನೆಗೆ ಸೋಮಾರಿತನದಿಂದ ಮನೆಯಲ್ಲೇ ಉಳಿಯುತ್ತವೆ. ಮಾರುವವನ ಲೆಕ್ಕದಲ್ಲಿ ಆ ಸೋಮಾರಿತನವೂ ಲಾಭದ ಬಾಬ್ತೇ.

2023ರ ಬೇಸಿಗೆ ರಜೆಯಲ್ಲಿ ಐದು ವಾರ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೆ. ಅಲ್ಲಿ ನನ್ನ ಮಗಳಿದ್ದಾಳೆ. ಅವರ ಮನೆಯ ಬಾಗಿಲ ಪಕ್ಕದಲ್ಲಿ, ನಮ್ಮಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ, ಯಾವಾಗಲೂ ಏಳೆಂಟು ಪೊಟ್ಟಣಗಳು. ಬಂದವು ಯಾವುದು, ಹೋಗುವವು ಯಾವುದು ನನಗೆ ತಿಳಿಯುತ್ತಿರಲಿಲ್ಲ. ವಾರಕ್ಕೊಮ್ಮೆ ಅವಳು ಹೋಗುವವನ್ನು ಕಾರಿನಲ್ಲಿ ತುಂಬಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ಒಂದು ದಿನ ನಾನೂ ಹೋದೆ. ಅಂಗಡಿಯೊಂದರ ಮೂಲೆಯಲ್ಲಿ ಅದಕ್ಕಾಗಿಯೇ ಒಂದು ಕಟ್ಟೆ, ಅದರ ಮುಂದೆ ಹನ್ನೆರಡು ಜನರ ಸಾಲು. ಮೊಬೈಲಿನಲ್ಲಿರುವ ಕ್ಯೂಆರ್ ಕೋಡನ್ನು ತೋರಿಸಿದರೆ ಸಾಕು, ಅಲ್ಲಿ ಕೂತ ಹೆಂಗಸು ಒಂದು ಚೀಟಿ ಅಂಟಿಸಿ ವಸ್ತುವನ್ನು ಹಿಂದಿನ ತೊಟ್ಟಿಗೆ ಹಾಕುತ್ತಿದ್ದಳು. ಅರ್ಧ ನಿಮಿಷದ ಕೆಲಸ. ಯಾಕಮ್ಮಾ ವಾಪಸು ಕೊಡುತ್ತಿದ್ದೀಯ, ಏನಾಗಿದೆ ಎಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳುವ ಕೆಲಸ ಅವಳದಲ್ಲ. ವಾಪಸು ಮಾಡುವಾಗ ಮೊಬೈಲು ಒಂದು ಕಾರಣ ಕೇಳುತ್ತದಂತೆ. ಪಟ್ಟಿಯಲ್ಲಿ ಮೊದಲಿಗೆ ಕಂಡದ್ದನ್ನು ಒತ್ತಿಬಿಡುತ್ತೇನೆ ಎಂದಳು ಮಗಳು.

ತರಿಸುವಾಗಲೇ ಸರಿಯಾಗಿ ನೋಡಿ ತರಿಸಬಾರದೇನೇ ಎಂದು ಕೇಳಿದೆ. ಅವಳ ಉತ್ತರವನ್ನು ಇಲ್ಲಿ ಕೊಡಬೇಕಾದದ್ದು ನ್ಯಾಯ. "ಅಮ್ಮಾ, ಒಂದು ಕಂಪನಿಯ ಎಂಟು ಇನ್ನೊಂದು ಕಂಪನಿಯ ಹನ್ನೆರಡು. ನೋಡುವುದು ಹೇಗೆ ಹೇಳು? ಅಂಗಡಿಗೇ ಹೋಗೋಣವೆಂದರೆ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ. ಎರಡು ತರಿಸದೆ ಬೇರೆ ದಾರಿಯೇ ಇಲ್ಲ" ಎಂದಳು.

ಅವಳ ಮಾತಿನಲ್ಲಿ ಸತ್ಯವಿದೆ. ಅಮೆರಿಕದ ಸರ್ಕಾರ 1939ರಿಂದ ಸುಮಾರು 15,000 ಹೆಂಗಸರ ಮೈಯಳತೆ ತೆಗೆಸಿತ್ತು. ಆ ಕೆಲಸದ ಆಧಾರದ ಮೇಲೆ 1958ರಲ್ಲಿ ಹೆಂಗಸರ ಸಿದ್ಧ ಉಡುಪುಗಳಿಗೆ ಒಂದು ಮಾನಕ ಅಳತೆಯನ್ನು ಪ್ರಕಟಿಸಿತು. ಅದರಲ್ಲೂ ಕೊರತೆಗಳಿದ್ದವು. ಅಳತೆಗೆ ಸಿಕ್ಕವರು ಹೆಚ್ಚಾಗಿ ಬಿಳಿಯ ಹೆಂಗಸರು. ಕಂಪನಿಗಳು ಅದನ್ನು ಕ್ರಮೇಣ ಬಿಟ್ಟವು, 1983ರಲ್ಲಿ ಸರ್ಕಾರವೇ ಅದನ್ನು ಹಿಂದಕ್ಕೆ ಪಡೆಯಿತು. ಆಮೇಲೆ ಕಂಪನಿಗೊಂದು ಅಳತೆ. ಕೊಳ್ಳುವವಳಿಗೆ ತಾನು ತೆಳ್ಳಗಿದ್ದೇನೆಂಬ ಸಂತೋಷವಾಗಲಿ ಎಂದು ದೊಡ್ಡ ಅಂಗಿಗೆ ಚಿಕ್ಕ ಅಂಕಿ ಹಾಕುವುದೂ ಉಂಟು.

ನನ್ನ ಆಕ್ಷೇಪಣೆ ಶುರುವಾಗುವುದು ಇಲ್ಲಿಂದಲೇ. ವಾಪಸು ಬರುವ ಬಟ್ಟೆಗಳಲ್ಲಿ ಬಹಳಷ್ಟು ಬರುವುದು ಅಳತೆ ಸರಿಯಾಗಲಿಲ್ಲವೆಂದು. ಇಷ್ಟು ಜನ ಇಷ್ಟು ವರ್ಷ ಒಂದೇ ಮಾತನ್ನು ಹೇಳುತ್ತಿದ್ದರೂ ಅಳತೆ ಯಾಕೆ ಸರಿಹೋಗಲಿಲ್ಲ? ಸರಿಪಡಿಸುವ ಅಗತ್ಯವನ್ನೇ ಪುಕ್ಕಟೆ ವಾಪಸಾತಿ ಇಲ್ಲವಾಗಿಸಿದೆ. ಚಿತ್ರದಲ್ಲಿ ಬಣ್ಣ ಸ್ವಲ್ಪ ಹೆಚ್ಚು ಹೊಳೆದರೆ ಹೊಳೆಯಲಿ, ಬಟ್ಟೆ ಎಷ್ಟು ತೆಳುವೆಂದು ಬರೆಯದಿದ್ದರೆ ಬೇಡ, ಒಪ್ಪದವರು ಹೇಗೂ ಕಳಿಸುತ್ತಾರಲ್ಲ! ವಸ್ತುವನ್ನು ಸರಿಯಾಗಿ ವರ್ಣಿಸಬೇಕಾದ ಮಾರುವವನ ಹೊಣೆ, ಯೋಚಿಸಿ ಆರಿಸಬೇಕಾದ ಕೊಳ್ಳುವವನ ಹೊಣೆ, ಎರಡೂ ಒಟ್ಟಿಗೆ ಕಳಚಿಬಿದ್ದಿವೆ. ಬೀನ್ ಓದಿದ ಕಾಗದಗಳಂಥವು ಈಗ ಕೋಟಿಗಟ್ಟಲೆ ಬರುತ್ತವೆ, ಒಡೆದು ಓದುವವರಿಲ್ಲ.

ಚಿಕ್ಕ ತರಗತಿಗಳಲ್ಲಿ ಮಕ್ಕಳಿಗೆ ಪೆನ್ಸಿಲು ಕೊಟ್ಟು ಬರೆಸುತ್ತೇವೆ, ಜೊತೆಗೆ ರಬ್ಬರನ್ನೂ ಕೊಡುತ್ತೇವೆ. ತಪ್ಪು ತಿದ್ದಿಕೊಳ್ಳಲು ಅದು ಬೇಕು. ಆದರೆ ಕೆಲವು ಮಕ್ಕಳು ರಬ್ಬರು ಇದೆಯೆಂದೇ ಏನಾದರೊಂದು ಗೀಚುತ್ತವೆ. ಅಳಿಸಿ ಅಳಿಸಿ ಕಾಗದ ಹರಿಯುತ್ತದೆ. ಪರದೇಶದ ಈ ವ್ಯಾಪಾರದಲ್ಲಿ ಹರಿಯುತ್ತಿರುವ ಕಾಗದ ಯಾವುದೆಂದು ನೋಡೋಣ.

ವಾಪಸು ಕೊಟ್ಟ ಅಂಗಿ ನೇರವಾಗಿ ಹೋಗಿ ತನ್ನ ಹಳೆಯ ಕಪಾಟಿನಲ್ಲಿ ಕೂರುತ್ತದೆಂದು ಬಹಳ ಜನರ ಕಲ್ಪನೆ. ನನ್ನದೂ ಅದೇ ಆಗಿತ್ತು. ನಮ್ಮ ಸಾಗರದ ಪೇಟೆಯಲ್ಲಿ ಸೀರೆ ಅಂಗಡಿಯವರು ನಲವತ್ತು ಸೀರೆ ಬಿಚ್ಚಿ ತೋರಿಸಿ, ನಾವು ಎದ್ದು ಬಂದ ಮೇಲೆ ಮಡಿಸಿ ಇಡುವುದಿಲ್ಲವೇ, ಹಾಗೆ ಎಂದುಕೊಂಡಿದ್ದೆ. ಆದರೆ ಅಲ್ಲಿ ಮಡಿಸುವವನು ಅಂಗಡಿಯಲ್ಲೇ ಇದ್ದಾನೆ. ಇಲ್ಲಿ ಆ ಅಂಗಿ ನೂರಾರು ಮೈಲಿ ಲಾರಿಯಲ್ಲಿ ಹೋಗಬೇಕು, ಒಬ್ಬರು ಅದನ್ನು ಬಿಚ್ಚಬೇಕು, ತೊಟ್ಟಿದ್ದಾರೋ ಕಲೆಯಾಗಿದೆಯೋ ಎಂದು ಪರೀಕ್ಷಿಸಬೇಕು, ಇಸ್ತ್ರಿ ಮಾಡಬೇಕು, ಹೊಸ ಚೀಲಕ್ಕೆ ಹಾಕಬೇಕು, ಲೆಕ್ಕಕ್ಕೆ ಸೇರಿಸಬೇಕು. ಅಷ್ಟರಲ್ಲಿ ಹಂಗಾಮು ಮುಗಿದು ಅದರ ಬೆಲೆ ಇಳಿದಿರುತ್ತದೆ. ಅಗ್ಗದ ವಸ್ತುವಾದರೆ ಈ ಖರ್ಚು ವಸ್ತುವಿನ ಬೆಲೆಗಿಂತ ಹೆಚ್ಚು. ಹೀಗಾಗಿ ಒಂದು ಪಾಲು ಮತ್ತೆ ಮಾರಾಟವಾಗುತ್ತದೆ, ಒಂದು ಪಾಲನ್ನು ಸಗಟು ಕೊಳ್ಳುವವರು ರಾಶಿಗಿಷ್ಟೆಂದು ಕೊಂಡೊಯ್ಯುತ್ತಾರೆ, ಉಳಿದದ್ದು ನಾಶವಾಗುತ್ತದೆ. ಕೆಲವು ಸಲ ಹಣ ವಾಪಸು ಕೊಡುತ್ತೇವೆ, ವಸ್ತುವನ್ನು ನೀವೇ ಇಟ್ಟುಕೊಳ್ಳಿ ಎಂದು ಕಂಪನಿಗಳೇ ಹೇಳುವುದುಂಟು. ಅದು ದಾನಬುದ್ಧಿಯಲ್ಲ, ತರಿಸಿಕೊಳ್ಳುವುದೇ ನಷ್ಟ ಎಂಬ ಲೆಕ್ಕ.

2021ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ಐಟಿವಿ ಸುದ್ದಿವಾಹಿನಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿರುವ ಅಮೆಜಾನ್ ಗೋದಾಮಿನ ಒಳಗಿನ ದೃಶ್ಯಗಳನ್ನು ತೋರಿಸಿತು. ಮಾರಾಟವಾಗದೆ ಉಳಿದ ಮತ್ತು ಗಿರಾಕಿಗಳು ವಾಪಸು ಕಳಿಸಿದ ವಸ್ತುಗಳನ್ನು ಅಲ್ಲಿ 'ನಾಶ ಮಾಡಿ' ಎಂದು ಬರೆದ ಪೆಟ್ಟಿಗೆಗಳಿಗೆ ತುಂಬುತ್ತಿದ್ದರು. ಒಂದು ವಾರದ ಕಡತದಲ್ಲಿ ಹಾಗೆ ಗುರುತು ಹಾಕಿದ ವಸ್ತುಗಳ ಸಂಖ್ಯೆ 1,24,000ಕ್ಕಿಂತ ಹೆಚ್ಚಿತ್ತು, ದಾನಕ್ಕೆಂದು ಗುರುತು ಹಾಕಿದವು ಅದೇ ಅವಧಿಯಲ್ಲಿ ಸುಮಾರು 28,000. ನಾವು ಬ್ರಿಟನ್ನಿನಲ್ಲಿ ಏನನ್ನೂ ಮಣ್ಣಿನಲ್ಲಿ ಹೂಳಲು ಕಳಿಸುವುದಿಲ್ಲ ಎಂದು ಕಂಪನಿ ಉತ್ತರ ಕೊಟ್ಟಿತು. ಹೂಳದಿದ್ದರೆ ಸುಡಬಹುದು, ಪುಡಿ ಮಾಡಬಹುದು. ಉಪಯೋಗಕ್ಕೆ ಬರುತ್ತಿದ್ದ ವಸ್ತು ಉಪಯೋಗವಾಗಲಿಲ್ಲ ಎಂಬುದಂತೂ ಉಳಿಯಿತಲ್ಲ. ಮಾರಾಟವಾಗದ ಸರಕನ್ನು ನಾಶ ಮಾಡುವುದನ್ನು ತಡೆಯಲು ಫ್ರಾನ್ಸ್ 2020ರಲ್ಲೇ ಕಾನೂನು ಮಾಡಿತ್ತು. ಐರೋಪ್ಯ ಒಕ್ಕೂಟ 2024ರಲ್ಲಿ ತಂದ ಕಾನೂನಿನಲ್ಲಿ, ಮಾರಾಟವಾಗದ ಉಡುಪು ಮತ್ತು ಪಾದರಕ್ಷೆಗಳನ್ನು ನಾಶ ಮಾಡಬಾರದೆಂದು ದೊಡ್ಡ ಕಂಪನಿಗಳಿಗೆ 2026ರ ಜುಲೈಯಿಂದ ಕಟ್ಟು ಹಾಕಿದೆ. ಕಾನೂನೇ ಬೇಕಾಯಿತೆಂದ ಮೇಲೆ ಆಗುತ್ತಿದ್ದದ್ದು ಏನೆಂದು ಬೇರೆ ಹೇಳಬೇಕಾಗಿಲ್ಲ.

ಇದೆಲ್ಲದರ ಮೊತ್ತ ಎಷ್ಟು? ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟದ ಅಂದಾಜಿನ ಪ್ರಕಾರ 2023ರಲ್ಲಿ ಆ ದೇಶದಲ್ಲಿ ವಾಪಸಾದ ಸರಕಿನ ಬೆಲೆ 74,300 ಕೋಟಿ ಡಾಲರ್, ಒಟ್ಟು ಮಾರಾಟದ ಶೇಕಡ 14.5. ಆನ್‌ಲೈನ್ ಮಾರಾಟವನ್ನಷ್ಟೇ ತೆಗೆದುಕೊಂಡರೆ ಶೇಕಡ 17.6. ಆ 74,300 ಕೋಟಿ ಡಾಲರನ್ನು ರೂಪಾಯಿಗೆ ತಿರುಗಿಸಿದರೆ ಅದು ಭಾರತ ಸರ್ಕಾರದ ಆ ವರ್ಷದ 45 ಲಕ್ಷ ಕೋಟಿ ರೂಪಾಯಿಯ ಮುಂಗಡಪತ್ರವನ್ನೂ ಮೀರುತ್ತದೆ. ಅಷ್ಟೂ ಹಾಳಾಯಿತೆಂದು ನಾನು ಹೇಳುತ್ತಿಲ್ಲ. ಎಷ್ಟೋ ಭಾಗ ಮತ್ತೆ ಮಾರಾಟವಾಗುತ್ತದೆ. ಆದರೆ ಅಷ್ಟೂ ಸರಕು ಹೋಗಿ ಬಂದ ಖರ್ಚನ್ನು ಯಾರಾದರೂ ಹೊರಲೇಬೇಕು. ಕಂಪನಿ ಅದನ್ನು ಎಲ್ಲ ಸರಕಿನ ಬೆಲೆಯ ಮೇಲೂ ಹಂಚುತ್ತದೆ. ಅಂದರೆ ಅಳೆದು ತೂಗಿ ಒಂದೇ ಅಂಗಿ ತರಿಸಿ ಇಟ್ಟುಕೊಂಡವಳು, ಐದು ತರಿಸಿ ನಾಲ್ಕನ್ನು ಕಳಿಸಿದವಳ ಲಾರಿ ಬಾಡಿಗೆ ಕೊಡುತ್ತಾಳೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ನಮ್ಮ ಗಾದೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇಷ್ಟೂ ಒಂದು ದೇಶದ ಒಳಗಿನ ಮಾತಾಯಿತು. ದೇಶದ ಗಡಿ ದಾಟಿದರೆ 'ಉಚಿತ' ಎಂಬ ಶಬ್ದ ಸುಂಕದ ಕಟ್ಟೆಯಲ್ಲೇ ಉಳಿದುಬಿಡುತ್ತದೆ. ನಮ್ಮ ಶಾಲೆಯ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಹಿಮ್ಮಡಿ ನೋವು. ದಿನಕ್ಕೆ ಆರು ಪೀರಿಯಡ್ ನಿಂತು ಪಾಠ ಮಾಡುವವರಿಗೆ ಅದರ ಕಷ್ಟ ಗೊತ್ತು. ಅವರ ಅಳಿಯ ಯುರೋಪಿನ ಒಂದು ಆನ್‌ಲೈನ್ ಅಂಗಡಿಯಿಂದ ಒಂಬತ್ತು ಸಾವಿರ ರೂಪಾಯಿಯ ಬೂಟು ತರಿಸಿಕೊಟ್ಟರು. 30 ದಿನದೊಳಗೆ ವಾಪಸು ಉಚಿತ ಎಂದು ಪುಟದಲ್ಲಿ ಇತ್ತು. ಪಾರ್ಸೆಲ್ ಬಂದಾಗ ಸುಂಕ, ತೆರಿಗೆ, ಕೊರಿಯರ್‌ನವರ ಶುಲ್ಕ ಎಂದು ನಾಲ್ಕು ಸಾವಿರದ ಹತ್ತಿರ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಬೂಟು ಬೆರಳಿನ ಕಡೆ ಬಿಗಿ. ವಾಪಸು ಕಳಿಸುತ್ತೇವೆಂದು ಬರೆದರೆ ಅಂಗಡಿಯವರು ತಕ್ಷಣ ಬಹಳ ವಿನಯದಿಂದ ಒಂದು ಚೀಟಿ ಕಳಿಸಿದರು. ಅದನ್ನು ಮುದ್ರಿಸಿ ಪೆಟ್ಟಿಗೆಗೆ ಅಂಟಿಸಿ ಅಂಚೆಗೆ ಕೊಡಿ ಎಂದರು. ಆ ಚೀಟಿ ಅವರ ದೇಶದೊಳಗಿನ ಅಂಚೆಗೆ ಮಾತ್ರ ಸಲ್ಲುವಂಥದು! ಇಲ್ಲಿಂದ ಅಲ್ಲಿಗೆ ಕೊರಿಯರ್ ಮಾಡಲು ಕೇಳಿದರೆ ಬೂಟಿನ ಬೆಲೆಯ ಮುಕ್ಕಾಲು ಪಾಲು. ಎರಡು ತಿಂಗಳ ಪತ್ರವ್ಯವಹಾರದ ನಂತರ, ಬೂಟು ನಿಮ್ಮಲ್ಲೇ ಇರಲಿ, ಬೆಲೆಯಲ್ಲಿ ಶೇಕಡ 15 ಹಿಂದಿರುಗಿಸುತ್ತೇವೆ ಎಂದು ಚೌಕಾಸಿಗೆ ಬಂದರು. ಕೊನೆಗೆ ಆ ಬೂಟು ಬೇರೊಬ್ಬರ ಕಾಲಿಗೆ ಹೋಯಿತು. ನಮ್ಮ ಟೀಚರು ಈಗಲೂ ಹಳೆಯ ಚಪ್ಪಲಿಯಲ್ಲೇ ನಿಂತು ಪಾಠ ಮಾಡುತ್ತಾರೆ.

ಕಟ್ಟಿದ ಸುಂಕದ ಗತಿಯೇನು? ನಮ್ಮ 1962ರ ಸುಂಕ ಕಾಯಿದೆಯ 74ನೆಯ ಕಲಮಿನಲ್ಲಿ, ಆಮದಾದ ವಸ್ತುವನ್ನು ಬಳಸದೆ ಮತ್ತೆ ಹೊರದೇಶಕ್ಕೆ ಕಳಿಸಿದರೆ ಕಟ್ಟಿದ ಸುಂಕದ ಶೇಕಡ 98ನ್ನು ಹಿಂದಕ್ಕೆ ಪಡೆಯುವ ಅವಕಾಶವಿದೆ. ಆದರೆ ಬಂದ ವಸ್ತುವೇ ಹೋಗುತ್ತಿದೆಯೆಂದು ಅಧಿಕಾರಿಗಳಿಗೆ ಮನವರಿಕೆ ಮಾಡಿಕೊಡಬೇಕು, ಕಾಗದಪತ್ರ ಹಾಕಬೇಕು. ಹಡಗಿನಲ್ಲಿ ಯಂತ್ರ ತರಿಸುವ ವ್ಯಾಪಾರಿಗೆ ಅದು ಸರಿ. ಒಂದು ಜೊತೆ ಬೂಟು ತರಿಸಿದ ಶಾಲಾ ಶಿಕ್ಷಕಿ ಅದನ್ನು ಮಾಡುವುದುಂಟೇ?

ಇದು ನಮ್ಮ ದೇಶದವರ ಕಷ್ಟ ಮಾತ್ರವಲ್ಲ. ಅಮೆರಿಕದಲ್ಲಿ 2016ರಿಂದ 800 ಡಾಲರ್‌ವರೆಗಿನ ಪರದೇಶದ ಪಾರ್ಸೆಲ್ಲಿಗೆ ಸುಂಕವಿರಲಿಲ್ಲ. ಚೀನಾದ ಅಗ್ಗದ ಸರಕು ಆ ಬಾಗಿಲಿನಿಂದಲೇ ಮನೆಮನೆಗೆ ಹೋಗುತ್ತಿತ್ತು. 2025ರ ಮೇ ತಿಂಗಳಲ್ಲಿ ಚೀನಾದ ಸರಕಿಗೆ, ಆಗಸ್ಟ್ 29ರಿಂದ ಎಲ್ಲ ದೇಶಗಳ ಸರಕಿಗೆ ಆ ವಿನಾಯಿತಿಯನ್ನು ತೆಗೆದರು. ಸುಂಕ ತೆತ್ತು ತರಿಸಿದ ವಸ್ತುವನ್ನು ವಾಪಸು ಕಳಿಸಿದ ಮಾತ್ರಕ್ಕೆ ಸುಂಕ ತಾನಾಗಿ ಕೈಗೆ ಬರುವುದಿಲ್ಲ ಎಂಬ ಪಾಠವನ್ನು ಈಗ ಅಲ್ಲಿಯವರೂ ಕಲಿಯಬೇಕಾಗಿದೆ. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನಿನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ಮರಳಿಸುವ ಹಕ್ಕು ಕಾನೂನಿನಲ್ಲೇ ಇದೆ. ಆದರೆ 2014ರ ಜೂನ್‌ನಿಂದ ಜಾರಿಯಲ್ಲಿರುವ ಅದೇ ಕಾನೂನು, ಮಾರುವವನು ಒಪ್ಪಿಕೊಳ್ಳದಿದ್ದರೆ ಮರಳಿಸುವ ಖರ್ಚು ಕೊಂಡವನದೇ ಎಂದೂ ಹೇಳುತ್ತದೆ. ಹಕ್ಕು ಬೇರೆ, ಪುಕ್ಕಟೆ ಬೇರೆ ಎಂಬ ವಿವೇಕ ಆ ಕಾನೂನಿನಲ್ಲಿದೆ. ಜಾಹೀರಾತು ಅದನ್ನು ಕಲಸಿಹಾಕಿದೆ.

ಕೊನೆಗೆ ಕಂಪನಿಗಳಿಗೂ ಭಾರ ತಾಳಲಾಗಲಿಲ್ಲ. ಬೀನ್ ಕಂಪನಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಸಿಕೊಂಡು ಬಂದ ಗಡುವಿಲ್ಲದ ವಾಪಸಾತಿಯನ್ನು ಸ್ಥಾಪಕನ ಮರಿಮಗನ ಕಾಲದಲ್ಲಿ, 2018ರ ಫೆಬ್ರವರಿಯಲ್ಲಿ, ಒಂದು ವರ್ಷಕ್ಕೆ ಇಳಿಸಿತು. ಹತ್ತಾರು ವರ್ಷ ತೊಟ್ಟು ಸವೆಸಿದ್ದನ್ನು, ಹಳೆಯ ಸಾಮಾನಿನ ಮಾರಾಟದಲ್ಲಿ ಕೊಂಡದ್ದನ್ನೂ ಜನ ತಂದು ಹಣ ಕೇಳುತ್ತಿದ್ದರಂತೆ. ಅದೇ ವರ್ಷ ಅಮೆಜಾನ್ ಅತಿಯಾಗಿ ವಾಪಸು ಮಾಡಿದ ಕೆಲವರ ಖಾತೆಗಳನ್ನೇ ಮುಚ್ಚಿದ್ದು ಸುದ್ದಿಯಾಯಿತು. ಝಾರಾ 2022ರಲ್ಲಿ ಬ್ರಿಟನ್ನಿನ ಗಿರಾಕಿಗಳಿಂದ ಆನ್‌ಲೈನ್ ವಾಪಸಾತಿಗೆ 1.95 ಪೌಂಡ್ ವಸೂಲು ಮಾಡತೊಡಗಿತು. ಎಚ್ ಅಂಡ್ ಎಂ ಮರುವರ್ಷ ಅದೇ ದಾರಿ ಹಿಡಿಯಿತು. ಅಸೋಸ್ 2024ರಲ್ಲಿ ಪದೇಪದೇ ವಾಪಸು ಮಾಡುವವರಿಗೆ ಶುಲ್ಕ ಹಾಕಿತು. ತರಿಸಿ, ತೊಡಿ, ಕಳಿಸಿ ಎಂದು ಇಪ್ಪತ್ತು ವರ್ಷ ಕರೆದು ಕರೆದು ಅಭ್ಯಾಸ ಮಾಡಿಸಿದವರು ಈಗ ಅಭ್ಯಾಸವಾದವರನ್ನು ಕಳ್ಳರ ಹಾಗೆ ನೋಡುತ್ತಿದ್ದಾರೆ. ಊಟಕ್ಕೆ ಕರೆದು ಹೋಳಿಗೆ ಎಣಿಸಿದರೆ ಹೇಗೋ ಹಾಗಾಯಿತು.

ಈ ಶುಲ್ಕವನ್ನೂ ನಾನು ಕಣ್ಣು ಮುಚ್ಚಿ ಹೊಗಳಲಾರೆ. ಚಟಕ್ಕೆ ತರಿಸಿ ಕಳಿಸುವವಳಿಗೂ, ಸಿದ್ಧ ಅಳತೆಗೆ ಒಗ್ಗದ ಮೈಯವಳಿಗೂ ಒಂದೇ ಶುಲ್ಕ. ತುಂಬ ಕುಳ್ಳಗಿರುವವರು, ದಪ್ಪಗಿರುವವರು, ಅಂಗವೈಕಲ್ಯವಿದ್ದು ಅಂಗಡಿಯವರೆಗೆ ಹೋಗಲಾರದವರು, ನಮ್ಮ ಟೀಚರ ಹಾಗೆ ನೋಯುವ ಕಾಲಿನವರು ವಾಪಸು ಕಳಿಸುವುದು ಚಪಲದಿಂದಲ್ಲ. ಅವರ ಮೈಯಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನು ಮಾರುವವನು. ದಂಡ ಮಾತ್ರ ಅವರಿಗೆ. ಹೀಗೆ ಪುಕ್ಕಟೆಯಾಗಿದ್ದಾಗ ಒಂದು ಅನ್ಯಾಯ, ಪುಕ್ಕಟೆ ಹೋದಾಗ ಇನ್ನೊಂದು.

ಹಾಗಾದರೆ ಏನು ಮಾಡಬೇಕು ಎಂದು ಓದುಗರು ಕೇಳಬಹುದು. ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಬೋರ್ಡಿನ ಕಾಲಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಆ ಬೋರ್ಡಿನ ಕೆಳಗೆ ಕೂತ ಅಂಗಡಿಕಾರರ ದರ್ಪವನ್ನು ನನ್ನ ವಯಸ್ಸಿನ ಹೆಂಗಸರೆಲ್ಲ ಕಂಡಿದ್ದೇವೆ. ಮರಳಿಸುವ ಹಕ್ಕು ಬೇಕೇ ಬೇಕು. ಆದರೆ ಅದರಲ್ಲಿ ಮೂರು ಬಗೆಯಿದೆ. ವಸ್ತು ಕೆಟ್ಟಿದ್ದರೆ, ಅಥವಾ ಹೇಳಿದ್ದೊಂದು ಕೊಟ್ಟಿದ್ದೊಂದು ಆದರೆ, ಹೋಗುವ ಬರುವ ಖರ್ಚು, ಸುಂಕ ಎಲ್ಲವೂ ಮಾರಿದವನದೇ ಆಗಬೇಕು. ವಸ್ತು ಚೆನ್ನಾಗಿದ್ದು ಅಳತೆ ಕೂಡಲಿಲ್ಲವೆಂದರೆ ಇಬ್ಬರೂ ಹಂಚಿಕೊಳ್ಳಬೇಕು. ಹಾಗಾದಾಗ ಮಾರುವವನು ಅಳತೆಯನ್ನು ಅಂಗುಲಗಳಲ್ಲಿ ಸರಿಯಾಗಿ ಬರೆಯುತ್ತಾನೆ, ಕೊಳ್ಳುವವಳು ಟೇಪು ಹಿಡಿಯುತ್ತಾಳೆ. ಸುಮ್ಮನೆ ಮನಸ್ಸು ಬದಲಾಯಿತೆಂದರೆ ಖರ್ಚು ಮನಸ್ಸು ಬದಲಾಯಿಸಿದವರದು.

ಗಡಿ ದಾಟಿ ಮಾರುವವರು ಇನ್ನೊಂದನ್ನು ಮಾಡಬೇಕು. ಹಣ ಕಟ್ಟುವ ಮೊದಲೇ, ನಿಮ್ಮ ದೇಶದಿಂದ ಈ ವಸ್ತುವನ್ನು ವಾಪಸು ಕಳಿಸಲು ಇಷ್ಟು ಖರ್ಚು, ಸುಂಕ ಹಿಂದಿರುಗುವುದಿಲ್ಲ ಎಂದು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಯಬೇಕು. ಇದು ನನ್ನ ಕಲ್ಪನೆಯಲ್ಲ. ನಮ್ಮ ದೇಶದ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ವಾಪಸಾತಿ, ಹಣ ಮರುಪಾವತಿಯ ಷರತ್ತುಗಳ ಜೊತೆಗೆ ವಾಪಸು ಸಾಗಣೆಯ ಖರ್ಚನ್ನೂ ಗ್ರಾಹಕರಿಗೆ ತಿಳಿಸಬೇಕೆಂದು ಹೇಳುತ್ತವೆ. ಹೊರದೇಶದಲ್ಲಿದ್ದು ಭಾರತದ ಗ್ರಾಹಕರಿಗೆ ಕ್ರಮಬದ್ಧವಾಗಿ ಮಾರುವವರಿಗೂ ಅವು ಅನ್ವಯಿಸುತ್ತವೆ. ನಿಯಮ ಇದೆ. ಅದನ್ನು ಓದಿ ಕೇಳುವವರು ಬೇಕು. ನಮ್ಮ ಮನೆಗಳಲ್ಲಿ ಮೊಬೈಲು ಹಿಡಿದು ತರಿಸುವ ಮಕ್ಕಳಿಗೆ, ಒತ್ತುವ ಮೊದಲು ಸಣ್ಣ ಅಕ್ಷರದ ಆ ಪುಟವನ್ನು ಓದು ಎಂದು ಹೇಳುವುದು ನಮ್ಮ ಕೆಲಸ. ಓದಿಸುವುದನ್ನೇ ಜೀವನವಾಗಿ ಮಾಡಿಕೊಂಡ ನಾನು ಇಷ್ಟನ್ನಾದರೂ ಹೇಳದಿದ್ದರೆ ಹೇಗೆ?

ಅದರ ಜೊತೆಗೆ ಇನ್ನೊಂದು ಸಣ್ಣ ಕೆಲಸವನ್ನೂ ಹೇಳುತ್ತೇನೆ. ವಾಪಸು ಕಳಿಸಲೇಬೇಕಾಗಿ ಬಂದಾಗ, ಕಾರಣ ಕೇಳುವ ಆ ಖಾನೆಯಲ್ಲಿ ಮೊದಲಿಗೆ ಕಂಡದ್ದನ್ನು ಒತ್ತದೆ ನಿಜವಾದ ಕಾರಣವನ್ನು ಬರೆಯಿರಿ. ತೋಳು ಎರಡಂಗುಲ ಗಿಡ್ಡ ಎಂದೋ, ಚಿತ್ರದಲ್ಲಿ ಕೆಂಪಿದ್ದದ್ದು ಕೈಗೆ ಬಂದಾಗ ಇಟ್ಟಿಗೆಯ ಬಣ್ಣ ಎಂದೋ ಬರೆಯಿರಿ. ಓದುವವರು ಇಲ್ಲದಿರಬಹುದು. ಆದರೆ ನಾವು ಬರೆಯದೆ ಹೋದರೆ, ಓದಬೇಕೆನ್ನುವವನಿಗೂ ಅಲ್ಲಿ ಏನೂ ಸಿಗುವುದಿಲ್ಲ.